ಕ್ರಿಪ್ಟೋಸ್ ಮಾಡಿದ ಸಾಲ

ಬೆಂಗಳೂರಿನ ಕ್ರಿಪ್ಟೋಸ್ ಎಂಬ ಮೆಟಲ್ ತಂಡದ ಎರಡನೇ ಆಲ್ಬಮ್ 'ದಿ ಆರ್ಕ್ ಆಫ್ ಜೆಮಿನಿ' (2008) ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದ್ದಕ್ಕೆ ಸ್ಟೇಶನ್ ಬಜಾರಿನ ಗೆಳೆಯರು ನನ್ನ ಮೇಲೆ ಸಿಟ್ಟಾಗಿದ್ದಾರೆ. "ಹೊಸಾದು ಏನದ ಇದ್ರಾಗ? ಎಲ್ಲಾ ಐರನ್ ಮೇಡನ್ ಕಾಪಿ ಅದ." ಚಹಾ ಆರುವ ಮೊದಲೇ ತೀರ್ಪು ಕೊಡುವುದು ನಮ್ಮ ಕಲಬುರಗಿಯವರಿಗೆ ರೂಢಿ. ಇರಲಿ, ಉತ್ತರ ಕೊಡುತ್ತೇನೆ.

ಇಂಗ್ಲೆಂಡಿನ ಮೆಟಲ್ ತಂಡ ಮೇಡನ್‌ನ ಸಾಲ ಇದೆ, ಒಪ್ಪಿದೆ. ಒಂದು ಗಿಟಾರ್ ಷಡ್ಜ ಹಿಡಿದರೆ ಇನ್ನೊಂದು ಗಾಂಧಾರ ಹಿಡಿದು ಜೊತೆಜೊತೆಗೆ ಓಡುವ ಆ ಜೋಡಿ ನಡೆ ಅಲ್ಲಿಂದಲೇ ಬಂದದ್ದು. ಆದರೆ ಮೇಡನ್‌ನವರಿಗೆ ಅದು ಎಲ್ಲಿಂದ ಬಂತು? ಅವರ ಮೊದಲ ಆಲ್ಬಮ್ 1980ರದು. ಅದಕ್ಕೂ ಮುಂಚೆ ವಿಶ್‌ಬೋನ್ ಆಶ್, ಥಿನ್ ಲಿಜ್ಜಿ ತಂಡಗಳು ಅದೇ ಜೋಡಿ ಗಿಟಾರಿನಿಂದ ಹೆಸರು ಮಾಡಿದ್ದವು. ಮೆಟಾಲಿಕಾ ಅಂತೂ ಡೈಮಂಡ್ ಹೆಡ್ ತಂಡದ ಹಾಡನ್ನೇ 1984ರಲ್ಲಿ ರೆಕಾರ್ಡ್ ಮಾಡಿತು. ಹಿಂದೂಸ್ತಾನಿ ಸಂಗೀತದಲ್ಲೂ ಅಷ್ಟೇ: ಸವಾಯಿ ಗಂಧರ್ವರ ಶಿಷ್ಯ ಭೀಮಸೇನ ಜೋಶಿ, ಕೇಸರಬಾಯಿ ಕೇರ್ಕರ್ ಮತ್ತು ಅಮೀರ್ ಖಾನರಿಂದಲೂ ತೆಗೆದುಕೊಂಡರು, ಮುಚ್ಚಿಡಲೂ ಇಲ್ಲ. ಅವರನ್ನು ಯಾರಾದರೂ ಕಾಪಿ ಅಂದದ್ದುಂಟೇ?

ಇನ್ನು ಕಂಠ. ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್, ಇನ್ನೊಂದು ಇಂಗ್ಲಿಷ್ ಮೆಟಲ್ ತಂಡದ ಗಾಯಕ ರಾಬ್ ಹಾಲ್ಫರ್ಡ್ ಇಬ್ಬರೂ ತಾರಸ್ಥಾಯಿಗೆ ಏರಿ ಕೂಗುವವರು. ಕ್ರಿಪ್ಟೋಸ್‌ನ ನೋಲನ್ ಲೂಯಿಸ್ ಆ ದಾರಿ ಹಿಡಿಯುವುದೇ ಇಲ್ಲ. ಅವರದು ಗೊಗ್ಗರು ದನಿ, ಜರ್ಮನಿಯ ಕ್ರಿಯೇಟರ್ ತಂಡದ ಕಡೆಯ ಗಂಟಲು. ಇಂಗ್ಲೆಂಡಿನ ಗಿಟಾರಿನ ಇಂಪಿನ ಮೇಲೆ ಜರ್ಮನ್ ಥ್ರ್ಯಾಶ್ ಮೆಟಲಿನ ಒರಟು ದನಿ ಕೂರಿಸುವುದು ಮೇಡನ್ ಮಾಡಿದ ಕೆಲಸವಲ್ಲ. ಕಾಪಿ ಅನ್ನುವವರು ಹಾಡು ಶುರುವಾಗುವ ಮುಂಚೆಯೇ ಎದ್ದು ಹೋಗಿರಬೇಕು!

ಎರಡನೇ ಆರೋಪ ತಾರೀಖಿನದು. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಡನ್ ನುಡಿಸಿತು, ಮರುವರ್ಷ ಈ ಆಲ್ಬಮ್ ಬಂತು, ಹಾಗಾಗಿ ನೋಡಿ ಬಂದು ಮಾಡಿದ್ದಂತೆ. ಆದರೆ ಕ್ರಿಪ್ಟೋಸ್ ಕಟ್ಟಿದ್ದು 1998ರಲ್ಲಿ. ಮೊದಲ ಆಲ್ಬಮ್ 'ಸ್ಪೈರಲ್ ಅಸೆಂಟ್' 2004ರಲ್ಲೇ ಬಂದಿದೆ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ತಂಡ ಕನ್ನಡದಲ್ಲಿ ಹಾಡುವುದಿಲ್ಲ ಎಂಬ ಇನ್ನೊಂದು ಆರೋಪ ನಿಜ. ಕನ್ನಡದಲ್ಲಿ ಮೆಟಲ್ ಬರಲಿ ಎಂಬ ಆಸೆ ನನಗೂ ಇದೆ. ಆದರೆ ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಖವ್ವಾಲಿಗೆ ತಲೆದೂಗುವಾಗ ನಾವು ಭಾಷೆಯ ಲೆಕ್ಕ ಹಾಕುತ್ತೇವೆಯೇ? ಮೆಟಲ್‌ಗೆ ಮಾತ್ರ ಈ ಪರೀಕ್ಷೆ ಯಾಕೋ.

ವಿರೋಧಿಗಳಿಗೆ ಒಂದು ಜಾಗ ಬಿಟ್ಟುಕೊಡುತ್ತೇನೆ. ಸಾಲದ ಮಾತನ್ನು 2016ರ 'ಬರ್ನ್ ಅಪ್ ದಿ ಸ್ಕೈ' ಬಗ್ಗೆ ಆಡಿದ್ದರೆ ಅರ್ಧ ಒಪ್ಪುತ್ತಿದ್ದೆ. ಅಲ್ಲಿ ತಂಡ ಬೇಕೆಂದೇ ಎಂಬತ್ತರ ದಶಕಕ್ಕೆ ಹಿಂತಿರುಗಿ ಹಾಡುಗಳನ್ನು ಸರಳ ಮಾಡಿಕೊಂಡಿದೆ, ಆರಾಧನೆ ಎದ್ದು ಕಾಣುತ್ತದೆ. 'ಆರ್ಕ್' ಹಾಗಲ್ಲ. ಅದರಲ್ಲಿ ಒಂದು ಗಿಟಾರ್ ರಿಫ್ ಕಿವಿಗೆ ಪಳಗುವಷ್ಟರಲ್ಲಿ ಇನ್ನೊಂದು ಬಂದು ತಳ್ಳುತ್ತದೆ. ಕೆಲವು ಕಡೆ ಅದೇ ಅತಿಯಾಯಿತು ಅನ್ನಿ, ತಕರಾರಿಲ್ಲ. ಆದರೆ ಅದು ಕಾಪಿ ಮಾಡುವವರ ತಪ್ಪಲ್ಲ, ಹುಮ್ಮಸ್ಸು ಹೆಚ್ಚಾದವರ ತಪ್ಪು.

'ಆರ್ಕ್' ಬಂದ ಐದು ವರ್ಷದ ನಂತರ, 2013ರಲ್ಲಿ, ಇದೇ ತಂಡ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿತು. ಅಲ್ಲಿಯವರು ಕರೆದರೆಂದು ನೀವು ಮೆಚ್ಚಬೇಕಿಲ್ಲ. ಫೋನಿನ ಸ್ಪೀಕರ್ ಬಿಟ್ಟು ಹೆಡ್‌ಫೋನಿನಲ್ಲಿ ಒಮ್ಮೆ ಪೂರ್ತಿ ಕೇಳಿ, ಆಮೇಲೆ ಜಗಳಕ್ಕೆ ಬನ್ನಿ.