ಕೆರೆ ಏರಿಯ ಮೇಲೆ ಪ್ಯಾರಿಸ್ ಪ್ಲಾನು

ವೀಸಾ ಅರ್ಜಿಯಲ್ಲಿ ‘ಈಗಿನ ಉದ್ಯೋಗ’ ಎಂಬ ಒಂದು ಕಾಲಂ ಇದೆ. ಅದರ ಹಿಂದೆಯೇ ಕೆಲಸ ಕೊಟ್ಟವರ ಹೆಸರು, ವಿಳಾಸ, ಫೋನ್ ನಂಬರ್ ಕೇಳುತ್ತಾರೆ. ಅಪ್ಪನ ಅರ್ಜಿಯಲ್ಲಿ ‘ನಿವೃತ್ತ’ ಎಂದು ತುಂಬಿದೆ. ಅಮ್ಮನ ಅರ್ಜಿಯಲ್ಲಿ ‘ಗೃಹಿಣಿ’ ಎಂದು ತುಂಬಿದೆ. ಆಕೆ ಮೂವತ್ತು ವರ್ಷ ಊರವರ ಬ್ಲೌಸ್ ಹೊಲಿದು ನಮ್ಮಿಬ್ಬರ ಕಾಲೇಜು ಫೀಸು ಕಟ್ಟಿದ್ದನ್ನು ಬರೆಯಲು ಅಲ್ಲಿ ಜಾಗ ಇರಲಿಲ್ಲ. ನನ್ನ ಅರ್ಜಿಗೆ ಬಂದಾಗ ಕೈ ನಿಂತಿತು. ಎಂಜಿನಿಯರಿಂಗ್ ಮುಗಿಸಿ ಒಂದೂವರೆ ವರ್ಷ. ರೆಸ್ಯೂಮೆ ಕಳಿಸಿದ ಕಂಪನಿಗಳ ಲೆಕ್ಕ ಇಡುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ‘ನಿರುದ್ಯೋಗಿ’ ಎಂದು ಇಂಗ್ಲಿಷಿನಲ್ಲಿ ಬರೆದು, ಯಾರಾದರೂ ನೋಡಿಯಾರು ಎಂಬಂತೆ ಅದರ ಮೇಲೆ ಕೈ ಅಡ್ಡ ಇಟ್ಟೆ. ಆಗ ಮನೆಯಲ್ಲಿ ನಾನೊಬ್ಬನೇ ಇದ್ದೆ.

ನಮ್ಮದು ಚನ್ನರಾಯಪಟ್ಟಣ. ಅಪ್ಪ ಪುರಸಭೆಯ ನೀರು ಸರಬರಾಜಿನಲ್ಲಿ ವಾಲ್ವ್‌ಮನ್ ಆಗಿದ್ದವರು. ಊರವರ ಬಾಯಲ್ಲಿ ‘ನೀರು ಬಿಡೋರು’. ಅಕ್ಕ ಫ್ರಾನ್ಸ್‌ನಲ್ಲಿ ಎಂ.ಎಸ್. ಮುಗಿಸಿ ಪ್ಯಾರಿಸ್ ಪಕ್ಕದ ಒಂದು ಊರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಅಪ್ಪ ಅಮ್ಮನನ್ನು ಒಂದು ವಾರ ಕರೆಸಿಕೊಳ್ಳಬೇಕೆಂಬುದು ಅವಳ ಆಸೆ. ಜೊತೆಗೆ ನಾನು. ಫೋನಿನಲ್ಲಿ ಹೇಳಿದಳು: “ಟಿಕೆಟ್ ನಂದು, ಪ್ಲಾನ್ ನಿಂದು ಕಣೋ. ಹೆಂಗೂ ಮನೇಲೇ ಇದೀಯಲ್ಲ.”

ಆ ‘ಹೆಂಗೂ’ ಚುಚ್ಚಿತು. ಕೆಲಸ ಹುಡುಕುತ್ತಿರುವವರಿಗೆ ಇದು ಹೊಸದೇನಲ್ಲ. ಮನೆಯಲ್ಲಿ ಗ್ಯಾಸ್ ಬುಕ್ ಮಾಡುವವರು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಕರೆಂಟ್ ಬಿಲ್ ಕಟ್ಟುವವರು ನಾವೇ. ಹೆಂಗೂ ಮನೇಲೇ ಇರ್ತೀವಲ್ಲ. ಆದ್ದರಿಂದ ಹಟ ಹಿಡಿದು ಕೂತೆ. ನಾನು ಯಾರೆಂದು ಈ ಪ್ಲಾನಿನಲ್ಲಿ ತೋರಿಸುತ್ತೇನೆ ಎಂದುಕೊಂಡು ವಿಡಿಯೊಗಳನ್ನು ನೋಡಿ ನೋಡಿ ಎಕ್ಸೆಲ್ ಶೀಟ್ ತಯಾರಿಸಿದೆ. ಆರು ದಿನ, ಇಪ್ಪತ್ಮೂರು ಜಾಗ. ಪರೀಕ್ಷೆಯ ಟೈಮ್‌ಟೇಬಲ್ ಹಾಗೆ ಒಂದೊಂದಕ್ಕೂ ಒಂದೊಂದು ಬಣ್ಣ. ಮೊದಲ ದಿನವೇ ಐಫೆಲ್ ಗೋಪುರ. ಲಿಫ್ಟಿಗಿಂತ ಮೆಟ್ಟಿಲಿನ ಟಿಕೆಟ್ ಅಗ್ಗ ಎಂದು ಮೆಟ್ಟಿಲನ್ನೇ ಹಾಕಿದ್ದೆ. ಮಧ್ಯಾಹ್ನ ಲೂವ್ರ್ ಮ್ಯೂಸಿಯಂ, ಸಂಜೆ ನೊತ್ರ್ ದಾಮ್ ಚರ್ಚು. ನಡಿಗೆ ಒಟ್ಟು ಹನ್ನೆರಡು ಕಿಲೋಮೀಟರು.

ಶೀಟು ನೋಡಿದ ಅಕ್ಕ ಹೊಗಳಲಿಲ್ಲ. “ಚೆನ್ನಾಗಿದೆ. ಆದ್ರೆ ಮೊದಲನೇ ದಿನದ ಪ್ಲಾನ್‌ನ ನಮ್ಮೂರಲ್ಲೇ ಒಂದ್ಸಲ ಅಪ್ಪ ಅಮ್ಮನ ಜೊತೆ ನಡೆದು ನೋಡು” ಎಂದಳು. ಕೋಪ ಬಂತು. ಆದರೂ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಇಬ್ಬರನ್ನೂ ಹೊರಡಿಸಿದೆ. ಮನೆಯಿಂದ ಬಸ್ ಸ್ಟ್ಯಾಂಡ್, ಅಲ್ಲಿಂದ ಕೆರೆ ಏರಿ, ಮತ್ತೆ ವಾಪಸ್. ಹನ್ನೆರಡು ಕಿಲೋಮೀಟರ್ ಆಗುವವರೆಗೆ ಹೀಗೇ ಎಂದು ನನ್ನ ಲೆಕ್ಕ.

ನಾಲ್ಕು ಕಿಲೋಮೀಟರ್ ಆಗುವಷ್ಟರಲ್ಲಿ ಅಪ್ಪ ತೂಬಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಮಂಡಿ ನೀವಿಕೊಳ್ಳುತ್ತಾ, “ಏನಿಲ್ಲ, ಎರಡು ನಿಮಿಷ” ಎಂದರು. ಎರಡು ನಿಮಿಷ ಅರ್ಧ ಗಂಟೆಯಾಯಿತು. ಆಗ ನೆನಪಾಯಿತು, ಪಕ್ಕದ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಹತ್ತುವುದನ್ನು ಅಪ್ಪ ನಿಲ್ಲಿಸಿ ಐದು ವರ್ಷವಾಗಿದೆ. ನೆಂಟರು ಬಂದಾಗ ಕೆಳಗೆ ಚಪ್ಪಲಿ ಕಾಯುತ್ತಾ ಕೂರುತ್ತಾರೆ. ಆ ಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಐಫೆಲ್ ಗೋಪುರದ ಎರಡನೇ ಅಂತಸ್ತಿಗೆ 674 ಮೆಟ್ಟಿಲು. ಎರಡೂ ನನಗೆ ಗೊತ್ತಿತ್ತು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ, ಅಷ್ಟೇ.

ಕಟ್ಟೆಯ ಮೇಲೆ ಕೂತ ಅಪ್ಪ ಕೆರೆ ನೋಡುತ್ತಾ ಕೇಳಿದರು: “ಅಲ್ಲಾ ಮಗ, ಆ ಊರಿಗೆ ನೀರು ಎಲ್ಲಿಂದ ಬರುತ್ತೆ? ದಿನಾ ಬಿಡ್ತಾರಾ?” ಈ ಪ್ರಶ್ನೆಯನ್ನು ಅವರು ಹಿಂದೆಯೂ ಎರಡು ಸಲ ಕೇಳಿದ್ದರು. “ಅದೆಲ್ಲ ಯಾಕಪ್ಪ” ಎಂದು ನಾನೇ ತಳ್ಳಿಹಾಕಿದ್ದೆ. ಅವತ್ತು ಬೇರೆ ದಾರಿಯಿಲ್ಲದೆ ಮೊಬೈಲ್ ತೆಗೆದು ಹುಡುಕಿದೆ. ಅಮ್ಮನನ್ನೂ ಕೇಳಿದೆ, ನಿನಗೇನು ನೋಡಬೇಕು ಎಂದು. ಮೊದಲು “ನಂಗೇನಪ್ಪ ಗೊತ್ತು, ನಿಮಗೆ ಹೆಂಗೆ ಸರಿಯೋ ಹಂಗೆ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಬಟ್ಟೆ ಅಂಗಡಿ ಇದ್ರೆ ನೋಡ್ಬೋದಿತ್ತು. ತಗೊಳ್ಳೋಕಲ್ಲ, ಸುಮ್ನೆ ಕೈಲಿ ಮುಟ್ಟಿ ನೋಡೋಕೆ” ಎಂದಳು.

ಇಪ್ಪತ್ಮೂರು ಜಾಗಗಳ ಪಟ್ಟಿಯಲ್ಲಿ ಇವೆರಡೂ ಇರಲಿಲ್ಲ. ಅಂದರೆ ನಾನು ಮಾಡಿದ್ದು ಅಪ್ಪ ಅಮ್ಮನ ಪ್ರವಾಸದ ಯೋಜನೆಯೇ ಅಲ್ಲ. ಯಾರೋ ವಿಡಿಯೊದವರ ಪ್ರವಾಸಕ್ಕೆ ನಮ್ಮವರನ್ನು ಹತ್ತಿಸಲು ಹೊರಟಿದ್ದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಮನೆಗಳಲ್ಲಿ ಈಗ ಪ್ರವಾಸದ ಯಜಮಾನಿಕೆ ಮೊಬೈಲ್ ಹಿಡಿದ ನಮ್ಮ ಕೈಗೆ ಬಂದಿದೆ. ಟಿಕೆಟ್, ವೀಸಾ, ಹೋಟೆಲ್ ಎಲ್ಲ ನಮಗೇ ಗೊತ್ತು. ಹಾಗಾಗಿ ಯಾರಿಗೆ ಏನು ಬೇಕು ಎಂಬುದೂ ನಮಗೇ ಗೊತ್ತು ಎಂದುಕೊಂಡುಬಿಡುತ್ತೇವೆ. ‘ನಿಮಗೆ ಹೆಂಗೆ ಸರಿಯೋ ಹಂಗೆ’ ಎಂಬ ಮಾತನ್ನು ಒಪ್ಪಿಗೆ ಎಂದು ತಿಳಿಯುತ್ತೇವೆ. ಅದು ಒಪ್ಪಿಗೆಯಲ್ಲ, ಸಂಕೋಚ. ಮಕ್ಕಳ ದುಡ್ಡಿನಲ್ಲಿ ಹೋಗುವಾಗ ತಮ್ಮ ಆಸೆ ಹೇಳಿಕೊಳ್ಳಲು ಹಿರಿಯರು ಹಿಂಜರಿಯುತ್ತಾರೆ. ಅದನ್ನು ಕೇಳಿ ಹೊರತೆಗೆಯುವುದು ಯೋಜನೆಯ ಮೊದಲ ಕೆಲಸ. ಶೀಟು ಆಮೇಲೆ.

ಮನೆಗೆ ಬಂದವನೇ ಶೀಟು ಅಳಿಸಿ ಹೊಸದಾಗಿ ಶುರು ಮಾಡಿದೆ. ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಬೆಳಿಗ್ಗೆ. ಮಧ್ಯಾಹ್ನ ಖಾಲಿ. ಪ್ಯಾರಿಸ್‌ನ ಮೆಟ್ರೊ 1900ರಲ್ಲಿ ಶುರುವಾದದ್ದು, ಹಳೆಯ ನಿಲ್ದಾಣಗಳಲ್ಲಿ ಬಹುಪಾಲಿಗೆ ಲಿಫ್ಟ್ ಇಲ್ಲ, ಹತ್ತಿ ಇಳಿದೇ ಹೋಗಬೇಕು. 1998ರಲ್ಲಿ ಬಂದ 14ನೇ ಮಾರ್ಗದಲ್ಲಿ ಲಿಫ್ಟ್‌ಗಳಿವೆ. ಹಾಗಾಗಿ ಆದಷ್ಟೂ ಬಸ್ ಹಿಡಿದೆವು. 69ನೇ ನಂಬರಿನ ಬಸ್ಸು ಐಫೆಲ್ ಗೋಪುರದ ಹತ್ತಿರದಿಂದ ಹೊರಟು ಲೂವ್ರ್ ದಾಟಿ ಊರಿನ ಪೂರ್ವಕ್ಕೆ ಹೋಗುತ್ತದೆ. ಕಿಟಕಿ ಪಕ್ಕ ಕೂತರೆ ಅರ್ಧ ಪ್ಯಾರಿಸ್ ಕಂಡ ಹಾಗೆ. ಲೂವ್ರ್‌ಗೆ ಮಂಗಳವಾರ ರಜೆ, ಹಳೆಯ ರೈಲು ನಿಲ್ದಾಣವನ್ನೇ ಮ್ಯೂಸಿಯಂ ಮಾಡಿದ ಓರ್ಸೇಗೆ ಸೋಮವಾರ ರಜೆ. ಇಂಥವನ್ನು ಮೊದಲೇ ನೋಡಿಕೊಳ್ಳದಿದ್ದರೆ ಬಾಗಿಲು ನೋಡಿ ಬರಬೇಕಾಗುತ್ತದೆ. ಐಫೆಲ್‌ಗೆ ಲಿಫ್ಟಿನ ಟಿಕೆಟನ್ನೇ ತಿಂಗಳಿಗೂ ಮೊದಲೇ ಆನ್‌ಲೈನ್‌ನಲ್ಲಿ ಕಾದಿರಿಸಿದೆ.

ವೀಸಾ ಕೆಲಸವೂ ನನ್ನದೇ. ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ ತಲಾ 90 ಯೂರೊ ಶುಲ್ಕ. ಅರ್ಜಿ ತಿರಸ್ಕಾರವಾದರೂ ಅದು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ ಹದಿನೈದು ದಿನ ಮೊದಲಾದರೂ ಹಾಕಲೇಬೇಕು. ನಾವು ಅಕ್ಕನ ಮನೆಯಲ್ಲೇ ಉಳಿಯುವುದರಿಂದ ಅವಳು ತನ್ನ ಊರಿನ ಪುರಭವನಕ್ಕೆ ಮನೆ ಬಾಡಿಗೆ ಪತ್ರ, ಸಂಬಳದ ಚೀಟಿ ಕೊಟ್ಟು, 30 ಯೂರೊ ಕಟ್ಟಿ, ‘ಇವರು ನಮ್ಮ ಅತಿಥಿಗಳು’ ಎಂಬ ಅಧಿಕೃತ ಪತ್ರ ಮಾಡಿಸಿ ಕಳಿಸಿದಳು. ಅಪ್ಪನ ಪಿಂಚಣಿ ಕಾಗದ, ಮೂವರ ಬ್ಯಾಂಕ್ ಸ್ಟೇಟ್‌ಮೆಂಟು, ನನ್ನ ಖರ್ಚು ಅಪ್ಪ ನೋಡಿಕೊಳ್ಳುತ್ತಾರೆ ಎಂಬ ಪತ್ರ. ಆ ಪತ್ರಕ್ಕೆ ಸಹಿ ಹಾಕುವಾಗ ಅಪ್ಪ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಸಂಬಳದ ಚೀಟಿ ಇಲ್ಲದವರಿಗೆ ವೀಸಾ ಸಿಗುವುದಿಲ್ಲ ಎಂದು ಗೆಳೆಯರು ಹೆದರಿಸಿದ್ದರು. ಕಾಗದ ಸರಿಯಿತ್ತು, ನನಗೂ ಸಿಕ್ಕಿತು.

ಜೂನ್‌ನಲ್ಲಿ ಹೋದೆವು. ಆ ತಿಂಗಳು ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ‘ದೀಪ ಹಚ್ಚೋದು ಎಷ್ಟೊತ್ತಿಗೆ’ ಎಂಬುದು ಅಮ್ಮನ ಮೊದಲ ಗೊಂದಲವಾಗಿತ್ತು.

ಐಫೆಲ್ ಗೋಪುರದ ಮೇಲೆ ಎಲ್ಲರೂ ಫೋಟೊ ತೆಗೆಸಿಕೊಂಡೆವು. ಚೆನ್ನಾಗಿತ್ತು. ಆದರೆ ಅಪ್ಪನ ಮುಖ ಅರಳಿದ್ದು ಮರುದಿನ, ಆಲ್ಮಾ ಸೇತುವೆಯ ಹತ್ತಿರದ ಒಳಚರಂಡಿ ಮ್ಯೂಸಿಯಂನಲ್ಲಿ. ಹೌದು, ಪ್ಯಾರಿಸ್‌ನಲ್ಲಿ ಚರಂಡಿ ನೋಡಲೂ ಟಿಕೆಟ್ ಇದೆ. 1867ರ ವಸ್ತುಪ್ರದರ್ಶನದ ಕಾಲದಿಂದಲೂ ಜನ ಅದನ್ನು ನೋಡಲು ಇಳಿಯುತ್ತಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಬೆಲ್‌ಗ್ರಾಂ ಎಂಬ ಎಂಜಿನಿಯರ್ ರೂಪಿಸಿದ ಜಾಲ ಈಗ 2,600 ಕಿಲೋಮೀಟರಿನಷ್ಟು ಬೆಳೆದಿದೆ. ಮೇಲೆ ಯಾವ ಬೀದಿಯೋ ಕೆಳಗಿನ ಸುರಂಗದಲ್ಲೂ ಅದೇ ಬೀದಿಯ ಹೆಸರಿನ ಫಲಕ. ಅದನ್ನು ನೋಡಿ ಅಪ್ಪ, “ನಮ್ಮಲ್ಲಿ ಎಲ್ಲಿ ಪೈಪ್ ಇದೆ ಅಂತ ನನ್ನ ತಲೇಲಿ ಮಾತ್ರ ಇತ್ತು. ರಿಟೈರ್ ಆದ್ಮೇಲೂ ಫೋನ್ ಮಾಡಿ ಕೇಳ್ತಿದ್ರು” ಎಂದರು. ನಿವೃತ್ತರಾದ ಮೇಲೂ ಅವರಿಗೆ ಅಂಥ ಫೋನ್ ಬರುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ.

ಅವರ ಮೂಲ ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ಪ್ಯಾರಿಸ್‌ನ ಕುಡಿಯುವ ನೀರಿನಲ್ಲಿ ಸುಮಾರು ಅರ್ಧ ದೂರದ ಊಟೆಗಳ ಮತ್ತು ಅಂತರ್ಜಲದ್ದು, ಉಳಿದರ್ಧ ಸೆನ್ ಮತ್ತು ಮಾರ್ನ್ ನದಿಗಳದ್ದು. ಬೀದಿ ತೊಳೆಯಲು ಕುಡಿಯದ ನೀರಿನ ಬೇರೆಯೇ ಪೈಪುಗಳಿವೆ. ಬೆಳಿಗ್ಗೆ ರಸ್ತೆಯ ಅಂಚಿನಲ್ಲಿ ಆ ನೀರು ಉಕ್ಕಿ ಹರಿಯುತ್ತದೆ. ಸುತ್ತಿ ಕಟ್ಟಿದ ಹಳೇ ಜಮಖಾನದ ತುಂಡು ಅಡ್ಡ ಇಟ್ಟು ಅದನ್ನು ಬೇಕಾದ ಕಡೆಗೆ ತಿರುಗಿಸುತ್ತಾರೆ. ಗದ್ದೆಗೆ ನೀರು ಕಟ್ಟುವ ಹಾಗೆಯೇ! ಅಪ್ಪ ಅದರ ಮುಂದೆ ಹದಿನೈದು ನಿಮಿಷ ನಿಂತರು. ಹಳೆಯ ಶೀಟು ಇದ್ದಿದ್ದರೆ ಆ ಹದಿನೈದು ನಿಮಿಷ ಎಲ್ಲಿಂದ ತರುತ್ತಿದ್ದೆ?

ಅಮ್ಮನ ಪಾಲಿನದು ಮೊಂಮಾರ್ತ್ರ್ ಗುಡ್ಡದ ಬುಡದಲ್ಲಿತ್ತು. ಮೇಲೆ ಸಾಕ್ರೆ ಕರ್ ಎಂಬ ಬಿಳಿ ಚರ್ಚು, ಕೆಳಗೆ ಸಾಲು ಸಾಲು ಬಟ್ಟೆ ಅಂಗಡಿಗಳು. ನಾವು ಹಳಿಯ ಮೇಲಿನ ಗಾಡಿಯಲ್ಲಿ ಗುಡ್ಡ ಹತ್ತಿ ಚರ್ಚು ನೋಡಿ ಇಳಿದೆವು. ಉಳಿದ ಹೊತ್ತೆಲ್ಲ ಅಮ್ಮ ಅಂಗಡಿಗಳಲ್ಲಿ ಬಟ್ಟೆ ಮುಟ್ಟುತ್ತಾ, ಅಂಚು ತಿರುವಿ ನೋಡುತ್ತಾ ಕಳೆದಳು. ಭಾಷೆ ಬಾರದೆಯೂ ಮಾರುವ ಹೆಂಗಸಿನೊಂದಿಗೆ ನೇಯ್ಗೆಯ ಬಗ್ಗೆ ಕೈಸನ್ನೆಯಲ್ಲಿ ಮಾತಾಡಿದಳು. ಅರ್ಜಿಯ ಕಾಲಂನಲ್ಲಿ ಜಾಗ ಸಿಗದ ಅವಳ ಕಸುಬು ಅಲ್ಲಿ ಕಂಡಿತು. ಲೂವ್ರ್ ನೋಡುವ ಆಸೆ ನನ್ನದಾಗಿತ್ತು. ಬುಧವಾರ, ಶುಕ್ರವಾರ ಅದು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಅವರು ಮನೆಯಲ್ಲಿ ಅನ್ನ ಸಾರು ಉಂಡು ಮಲಗಿದರು, ನಾನೊಬ್ಬನೇ ಹೋಗಿ ಬಂದೆ. ಕುಟುಂಬ ಪ್ರವಾಸ ಎಂದರೆ ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂದು ಯಾರು ಹೇಳಿದ್ದು?

“ಇಷ್ಟೆಲ್ಲ ಯಾಕೆ, ಪ್ಯಾಕೇಜ್ ಟೂರಿಗೆ ಕಳಿಸಿದ್ರೆ ಆಗ್ತಿತ್ತು” ಎಂದ ಗೆಳೆಯರಿದ್ದಾರೆ. ಆ ಮಾತನ್ನು ಸುಮ್ಮನೆ ತಳ್ಳಿಹಾಕಲಾರೆ. ಅಲ್ಲಿ ಯಾರೂ ಇಲ್ಲದವರಿಗೆ, ಭಾಷೆಯ ಭಯ ಇರುವವರಿಗೆ, ನಮ್ಮ ಊಟವೇ ಬೇಕೆನ್ನುವವರಿಗೆ ಪ್ಯಾಕೇಜ್ ದೊಡ್ಡ ಆಸರೆ. ಆದರೆ ಅದರಲ್ಲಿ ಹೋಗುವವರೂ ಒಂದು ಪ್ರಶ್ನೆ ಕೇಳಬಹುದು: ಇದರಲ್ಲಿ ನಮ್ಮವರಿಗೆಂದು ಅರ್ಧ ದಿನ ಬಿಡುವಿದೆಯೇ? ಹತ್ತು ದಿನದಲ್ಲಿ ಆರು ದೇಶ ಎಂದರೆ ಹೆಚ್ಚು ಹೊತ್ತು ನೋಡುವುದು ಬಸ್ಸಿನ ಕಿಟಕಿಯನ್ನೇ.

ದುಡ್ಡಿನ ಮಾತೂ ಇದೆ. ಅಮ್ಮ ಹೊರಡುವ ದಿನದವರೆಗೂ “ಆ ದುಡ್ಡಲ್ಲಿ ಮೇಲೊಂದು ರೂಮ್ ಕಟ್ಟಿಸ್ಬೋದಿತ್ತು” ಎನ್ನುತ್ತಿದ್ದಳು. ಅದು ತಪ್ಪೂ ಅಲ್ಲ. ಸಾಲ ಮಾಡಿ, ಇಎಂಐ ಕಟ್ಟಿಕೊಂಡು ಯುರೋಪ್ ನೋಡಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ನಾನು ಹೇಳುತ್ತಿರುವುದು ಪ್ಯಾರಿಸ್‌ಗೆ ಮಾತ್ರ ಅಲ್ಲ, ಹಂಪಿಗೂ ಧರ್ಮಸ್ಥಳಕ್ಕೂ ಸಲ್ಲುತ್ತದೆ. ಖರ್ಚು ದೊಡ್ಡದಾದಷ್ಟೂ ‘ಎಲ್ಲ ನೋಡಿಬಿಡಬೇಕು’ ಎಂಬ ಅವಸರ ಹೆಚ್ಚಾಗುತ್ತದೆ. ಆ ಅವಸರದಲ್ಲಿ ಮೊದಲು ಸೋಲುವುದು ಮಂಡಿ ನೋವಿನವರು.

ನನಗೆ ಇನ್ನೂ ಕೆಲಸ ಸಿಕ್ಕಿಲ್ಲ. ಕಳೆದ ತಿಂಗಳ ಒಂದು ಸಂದರ್ಶನದಲ್ಲಿ “ಈ ಗ್ಯಾಪ್‌ನಲ್ಲಿ ಏನು ಮಾಡಿದಿರಿ?” ಎಂದು ಕೇಳಿದರು. ಮೊದಲಾಗಿದ್ದರೆ ತಲೆ ತಗ್ಗಿಸುತ್ತಿದ್ದೆ. ಈ ಸಲ, ಒಂದು ಯೋಜನೆ ಮಾಡಿದೆ, ಅದು ತಪ್ಪೆಂದು ನಮ್ಮೂರ ಕೆರೆ ಏರಿಯ ಮೇಲೆ ಗೊತ್ತಾಯಿತು, ತಿದ್ದಿದೆ ಎಂದು ಎಲ್ಲ ಹೇಳಿದೆ. ಅವರು ನಕ್ಕರು. ಫಲಿತಾಂಶ ಇನ್ನೂ ಬಂದಿಲ್ಲ.

ಅಪ್ಪ ಮಾತ್ರ ಸಂಜೆ ಕೆರೆ ಏರಿಗೆ ಹೋದಾಗ ತಮ್ಮ ಹಳೇ ಜೊತೆಗಾರರಿಗೆ ಪ್ಯಾರಿಸ್ ಕಥೆ ಹೇಳುತ್ತಾರೆ. ಅದರಲ್ಲಿ ಐಫೆಲ್ ಗೋಪುರ ಒಂದು ನಿಮಿಷಕ್ಕೆ ಮುಗಿಯುತ್ತದೆ. ಜಮಖಾನ ಸುತ್ತಿ ನೀರು ತಿರುಗಿಸುವ ಕಥೆಗೆ ಅರ್ಧ ಗಂಟೆ ಬೇಕು. ನೀವೂ ಮನೆಯವರ ಪ್ರವಾಸಕ್ಕೆ ಶೀಟು ತೆರೆಯುವ ಮೊದಲು ಅವರ ಜೊತೆ ಒಂದು ಬೆಳಿಗ್ಗೆ ನಡೆದು ಬನ್ನಿ. ಅವರು ಎಲ್ಲಿ ಕೂರುತ್ತಾರೋ ನೋಡಿಕೊಳ್ಳಿ. ಪಕ್ಕದಲ್ಲಿ ನೀವೂ ಕೂತು, ಏನು ಕೇಳುತ್ತಾರೋ ಕೇಳಿಸಿಕೊಳ್ಳಿ.