ಕೈ ಎದ್ದರೆ ಸಾಲದು, ಕುತ್ತಿಗೆ ನೋಡಿ

ಮೈಸೂರಿಗೆ ನಿಮ್ಹಾನ್ಸ್ ಮಾದರಿಯ ಮಿದುಳು-ನರರೋಗ ಸಂಸ್ಥೆ ತರುತ್ತೇವೆ ಎಂದು 2025ರ ಮಾರ್ಚ್ ಬಜೆಟ್‌ನಲ್ಲಿ ಸರ್ಕಾರ ಘೋಷಿಸಿತು. ಬರಲಿ, ಬೇಗ ಬರಲಿ. ಆದರೆ ಜಾಗ, ಕಟ್ಟಡ, ಕೋಟಿಗಳ ಮಾತಿನಲ್ಲಿ ಲಕ್ವ ಹೊಡೆದವರ ಇವತ್ತಿನ ಪಾಡು ಹಿಂದೆ ಸರಿದಿದೆ ಎಂಬುದು ನನ್ನ ತಕರಾರು.

ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ಸೇರಿ ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದವರಲ್ಲಿ ಕೆಲವರ ಬಿದ್ದ ಕೈ ಮರುದಿನವೇ ಏಳುತ್ತದೆ. "ಅಪ್ಪ ಕೈ ಎತ್ತುತಾವ್ರೆ, ಇನ್ನೇನು ಸರೋಯ್ತಲ್ಲ ಸಾರ್, ಊರಿಗೆ ಕರ್ಕೊಂಡೋಯ್ತೀವಿ" ಅನ್ನುತ್ತಾರೆ ಎಚ್.ಡಿ. ಕೋಟೆ, ಕೊಳ್ಳೇಗಾಲದ ಕಡೆಯವರು. ಕೂಲಿ ಬಿಟ್ಟು ವಾರ್ಡಿನ ಹೊರಗೆ ಕೂತವರಿಗೆ ಹಾಗನ್ನಿಸುವುದು ಸಹಜ. ಆದರೆ ಎಷ್ಟೋ ಜನರಲ್ಲಿ ಮಿದುಳಿನ ರಕ್ತನಾಳ ಕಟ್ಟಿದ ಆ ಹೆಪ್ಪು ಹೊರಟಿದ್ದು ಕುತ್ತಿಗೆಯ ಕೆರೋಟಿಡ್ ರಕ್ತನಾಳದಿಂದ. ಕೊಬ್ಬು ಕಟ್ಟಿ ಒರಟಾದ ಅದರ ಗೋಡೆಯಲ್ಲಿ ಇನ್ನಷ್ಟು ಹೆಪ್ಪು ಉಳಿದಿರಬಹುದು. ಚೂರು ಕಿತ್ತುಕೊಂಡು ಮತ್ತೆ ಮಿದುಳಿಗೆ ಹೋಗಬಹುದು. ಮೊದಲ ಎರಡು ವಾರ ಈ ಅಪಾಯ ಅತಿ ಹೆಚ್ಚು.

ವೈದ್ಯರಿಗೂ ಇದು ಇಕ್ಕಟ್ಟಿನ ಘಟ್ಟ. ಇಂಜೆಕ್ಷನ್ ಆದ ಮೇಲೆ ಸಾಮಾನ್ಯವಾಗಿ 24 ಗಂಟೆ ಆಸ್ಪಿರಿನ್, ಹೆಪರಿನ್‌ನಂಥ ಹೆಪ್ಪು ತಡೆಯುವ ಔಷಧ ಕೊಡುವುದಿಲ್ಲ; ಮತ್ತೊಮ್ಮೆ ಸಿ.ಟಿ. ತೆಗೆದು, ಮಿದುಳಿನಲ್ಲಿ ರಕ್ತ ಸೋರಿಲ್ಲ ಎಂದು ನೋಡಿಕೊಂಡೇ ಶುರುಮಾಡುತ್ತಾರೆ. ಅವಸರಪಟ್ಟರೆ ರಕ್ತಸ್ರಾವದ ಭಯ, ತಡವಾದರೆ ಕುತ್ತಿಗೆಯ ಹೆಪ್ಪಿನ ಭಯ. ರಕ್ತನಾಳದಲ್ಲಿ ತೇಲಾಡುವ ಹೆಪ್ಪಿಗೆ ಔಷಧವೋ ಶಸ್ತ್ರಕ್ರಿಯೆಯೋ ಎಂಬ ಬಗ್ಗೆ ತಜ್ಞರಲ್ಲೂ ಒಮ್ಮತವಿಲ್ಲ. ಆ ಚರ್ಚೆ ನಡೆಯಲಿ. ಹೆಪ್ಪು ಇದೆಯೋ ಇಲ್ಲವೋ ಎಂದೇ ನೋಡದೆ ರೋಗಿಯನ್ನು ಮನೆಗೆ ಕಳಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಅದನ್ನು ನೋಡುವ ಡಾಪ್ಲರ್ ಸ್ಕ್ಯಾನ್‌ಗೆ ಸೂಜಿ ಬೇಡ. ಕುತ್ತಿಗೆಗೆ ತಣ್ಣನೆ ಜೆಲ್ ಸವರಿ ನೋಡಲು ಅರ್ಧ ಗಂಟೆ ಸಾಕು. ಎಲ್ಲರಿಗೂ ಮಾಡಿದರೆ ಹೊರೆಯಾಗುತ್ತದೆ ಎನ್ನುವವರು, ಎರಡನೇ ಸಲ ಲಕ್ವ ಹೊಡೆದು ಹಾಸಿಗೆ ಹಿಡಿದವರ ಮನೆಯ ಹೊರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತೀರಾ ಕಿರಿದಾದ ಕೆರೋಟಿಡ್‌ಗೆ ಶಸ್ತ್ರಕ್ರಿಯೆಯಿಂದ ಲಾಭವಿದೆ ಎಂದು ಉತ್ತರ ಅಮೆರಿಕದ ಅಧ್ಯಯನವೊಂದು 1991ರಲ್ಲೇ ತೋರಿಸಿತು. ಎರಡು ವಾರದೊಳಗಾದರೆ ಲಾಭ ಹೆಚ್ಚು. ಇಲ್ಲೇ ನಮ್ಮ ವ್ಯವಸ್ಥೆ ಎಡವುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ; ತುರ್ತಲ್ಲದ್ದಕ್ಕೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ನಡೆದಾಡುವ ರೋಗಿ ಯಾರ ಕಣ್ಣಿಗೂ ತುರ್ತಿನವನಂತೆ ಕಾಣುವುದಿಲ್ಲ. ಬಿಪಿಎಲ್ ಕಾರ್ಡು ಹಿಡಿದು ಅಲೆಯುವಷ್ಟರಲ್ಲಿ ಆ ಎರಡು ವಾರ ಮುಗಿದಿರುತ್ತದೆ.

ಲಕ್ವದ ನಂತರದ ಕುತ್ತಿಗೆಯ ಚಿಕಿತ್ಸೆಯನ್ನೂ ತುರ್ತಿನ ಪಟ್ಟಿಗೆ ಸೇರಿಸಿ ಆರೋಗ್ಯ ಇಲಾಖೆ ಆದೇಶ ಹೊರಡಿಸಲಿ. ಕುತ್ತಿಗೆ ಸ್ಕ್ಯಾನ್‌ನ ವರದಿಯಿಲ್ಲದೆ ಲಕ್ವದ ರೋಗಿಯ ಡಿಸ್ಚಾರ್ಜ್ ಚೀಟಿಗೆ ಸಹಿ ಬೀಳದಂಥ ನಿಯಮ ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯಿಂದಲೇ ಶುರುವಾಗಲಿ. ಇದಕ್ಕೆ ಹೊಸ ಕಟ್ಟಡಕ್ಕಾಗಿ ಕಾಯಬೇಕಿಲ್ಲ.