ಬುತ್ತಿಯಿಲ್ಲದ ಬೀಜ

ಮುಂಗಾರು ಕಾಲಿಡುವ ಹೊತ್ತಿಗೆ ಮಲೆನಾಡಿನ ಹಳೆಯ ಮರಗಳ ಕೊಂಬೆಗಳಿಂದ ನಸುಗೆಂಪು ಚುಕ್ಕೆಗಳ ಬಿಳಿಯ ಹೂದಂಡೆಗಳು ಜೋತುಬೀಳುತ್ತವೆ. ಸೀತಾಳೆ ದಂಡೆಯೆಂದು ಇದಕ್ಕೆ ಹೆಸರು. ಮಲೆನಾಡಿನ ಹೆಣ್ಣುಮಕ್ಕಳಿಗೆ ಇದು ಮುಡಿಯ ಹೂವು. ಸಸ್ಯಶಾಸ್ತ್ರಜ್ಞರು ಇದನ್ನು ಆರ್ಕಿಡ್ ಕುಟುಂಬದಲ್ಲಿ ಎಣಿಸುತ್ತಾರೆ. ಇದರ ಚೆಲುವಿಗೆ ಮನಸೋತು, ಮರದಿಂದ ಗಿಡವನ್ನೇ ಕಿತ್ತು ಬಯಲುಸೀಮೆಗೆ ತರುವವರುಂಟು. ಅಂಥ ಗಿಡ ಒಂದೆರಡು ಬೇಸಗೆಗಳಲ್ಲಿ ಒಣಗಿಹೋಗುವುದೇ ಹೆಚ್ಚು. ಕಾಡಿನ ಮರವೂ ಬರಿದಾಯಿತು, ಮನೆಯ ಜಗುಲಿಯೂ ಬರಿದಾಗಿ ಉಳಿಯಿತು.

ಹಾಗಾದರೆ ಬೀಜ ಬಿತ್ತಿ ಬೆಳೆಸಬಾರದೇಕೆ? ಪ್ರಶ್ನೆ ಸರಳವಾದರೂ ಉತ್ತರ ದೊರೆಯುವುದಕ್ಕೆ ಯೂರೋಪಿನ ತೋಟಗಾರರು ಬಹುಕಾಲ ಕಾಯಬೇಕಾಯಿತು. ವಿಜಯಪುರದ ಎರೆಹೊಲದಲ್ಲಿ ಬೀಳುವ ಬಿಳಿಜೋಳದ ಕಾಳನ್ನು ನೋಡಿರಿ. ಮೊಳಕೆ ಬೇರೂರಿ ಎಲೆ ಬಿಡುವವರೆಗೆ ಸಾಲುವಷ್ಟು ಹಿಟ್ಟು ಅದರೊಳಗೇ ಇರುತ್ತದೆ. ತಾಯಿ ಮಗುವಿಗೆ ಬುತ್ತಿ ಕಟ್ಟಿ ಕಳುಹಿಸಿದ ಹಾಗೆ. ಆರ್ಕಿಡ್ ಬೀಜಕ್ಕೆ ಈ ಬುತ್ತಿಯೇ ಇಲ್ಲ. ಅದು ಧೂಳಿನಷ್ಟು ಸಣ್ಣದು, ಊದಿದರೆ ಹಾರಿಹೋಗುವಷ್ಟು ಹಗುರ. ಬುತ್ತಿಯ ಕೊರತೆಯನ್ನು ಪ್ರಕೃತಿ ಸಂಖ್ಯೆಯಿಂದ ತುಂಬಿಸಿದೆ. ಬ್ರೆಜಿಲಿನಲ್ಲಿ ನೆಲೆಸಿದ್ದ ಫ್ರಿಟ್ಸ್ ಮ್ಯೂಲರ್ ಎಂಬ ವಿಜ್ಞಾನಿ ಒಂದೇ ಆರ್ಕಿಡ್ ಕಾಯಿಯಲ್ಲಿ 17 ಲಕ್ಷಕ್ಕೂ ಮೀರಿದ ಬೀಜಗಳಿವೆಯೆಂದು ಲೆಕ್ಕಹಾಕಿದನು. ಡಾರ್ವಿನ್ ಅದನ್ನು ತನ್ನ ಗ್ರಂಥದಲ್ಲಿ ದಾಖಲಿಸಿದನು.

ಇಷ್ಟು ಬೀಜಗಳಲ್ಲಿ ಮೊಳೆಯುವುವು ಕೆಲವೇ. ಇದರ ಗುಟ್ಟನ್ನು 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೊಯೆಲ್ ಬರ್ನಾರ್. ಕಾಡಿನಲ್ಲಿ ಬೀಜದೊಳಕ್ಕೆ ಒಂದು ಬಗೆಯ ಶಿಲೀಂಧ್ರ ಹೊಕ್ಕು ಅದಕ್ಕೆ ಅನ್ನ ಒದಗಿಸುತ್ತದೆ. ಆ ಸಾಕುತಾಯಿ ದೊರೆಯದ ಬೀಜ ಸಾಯುತ್ತದೆ. 1922ರಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ಇನ್ನೊಂದು ಹೆಜ್ಜೆ ಮುಂದಿಟ್ಟನು. ಸಕ್ಕರೆ ಮತ್ತು ಲವಣಗಳನ್ನು ಬೆರೆಸಿದ ಆಹಾರವನ್ನು ಸೀಸೆಯಲ್ಲಿಟ್ಟರೆ, ಶಿಲೀಂಧ್ರದ ಹಂಗಿಲ್ಲದೆಯೇ ಬೀಜ ಮೊಳೆಯುವುದೆಂದು ತೋರಿಸಿದನು. ಬುತ್ತಿಯಿಲ್ಲದ ಬೀಜಕ್ಕೆ ಮನುಷ್ಯನೇ ಬುತ್ತಿ ಕಟ್ಟಿಕೊಟ್ಟಂತಾಯಿತು. ಇಂದು ನಮ್ಮ ರೈತರು ನೆಡುವ ಜಿ-9 ಬಾಳೆಯ ಅಂಗಾಂಶ ಸಸಿಗಳೂ ಇಂಥ ಸೀಸೆಗಳಲ್ಲಿಯೇ ಕಣ್ಣುಬಿಟ್ಟವು.

ಆದರೆ ಸಕ್ಕರೆ ಕಂಡಲ್ಲಿ ಬೂಷ್ಟೂ ಬರುತ್ತದೆ. ಸೀಸೆಯಲ್ಲಿ ಅದರ ಒಂದು ಕಣ ಉಳಿದರೂ ವಾರದೊಳಗೆ ಬೀಜವನ್ನೆಲ್ಲ ಮುಚ್ಚಿಬಿಡುವುದು. ಆದುದರಿಂದ ಈ ಕೃಷಿಯ ಮುಕ್ಕಾಲು ಪಾಲು ಶುಚಿತ್ವವೇ. ಅದಕ್ಕೆ ಬೇಕಾದ ಮುಖ್ಯ ಯಂತ್ರ ಅಡಿಗೆಮನೆಯಲ್ಲೇ ಇದೆ: ಪ್ರೆಷರ್ ಕುಕ್ಕರ್. ಅದರ ಪೂರ್ಣ ಒತ್ತಡದಲ್ಲಿ, ಅಂದರೆ ಹದಿನೈದು ಪೌಂಡಿನಲ್ಲಿ, ಉಷ್ಣತೆ ಸುಮಾರು 121 ಡಿಗ್ರಿಗೆ ಏರುತ್ತದೆ. ಇಪ್ಪತ್ತು ನಿಮಿಷ ಹಾಗಿರಿಸಿದರೆ ಸೂಕ್ಷ್ಮಜೀವಿಗಳು ಉಳಿಯುವುದಿಲ್ಲ.

ಒಂದು ಲೀಟರು ಬಟ್ಟಿ ಇಳಿಸಿದ ನೀರಿಗೆ ಇಪ್ಪತ್ತು ಗ್ರಾಂ ಸಕ್ಕರೆ, ಏಳೆಂಟು ಗ್ರಾಂ ಅಗರ್ ಪುಡಿ, ಸಿದ್ಧವಾಗಿ ಸಿಗುವ ಲವಣಪುಡಿ ಹೇಳಿದ ಅಳತೆಯ ಅರ್ಧದಷ್ಟು. ಜೊತೆಗೆ ಅರ್ಧ ಲೋಟ ಎಳನೀರು. ದಿನಸಿ ಅಂಗಡಿಯವರು ಚೈನಾ ಗ್ರಾಸ್ ಎಂದು ಮಾರುವುದೂ ಅಗರ್ ಜಾತಿಯದೇ. ಕೊಳವೆಬಾವಿಯ ಗಡಸು ನೀರು ಸಲ್ಲದು. ಕುದಿಸಿ ಕರಗಿಸಿದ ಪಾಕವನ್ನು ಗಾಜಿನ ಸೀಸೆಗಳಲ್ಲಿ ಎರಡು ಬೆರಳಿನಷ್ಟು ತುಂಬಿ, ಮುಚ್ಚಳವನ್ನು ಸಡಿಲವಾಗಿಯೇ ಬಿಟ್ಟು ಕುಕ್ಕರಿನಲ್ಲಿ ಬೇಯಿಸಬೇಕು. ಬಿಗಿ ಮುಚ್ಚಳದ ಸೀಸೆ ಒಡೆದೀತು. ಕುಕ್ಕರು ತಾನಾಗಿ ತಣಿದ ಮೇಲೆಯೇ ತೆರೆಯತಕ್ಕದ್ದು.

ಬೀಜಕ್ಕೆ ಒಡೆಯದ ಹಸಿರು ಕಾಯಿಯೇ ಲೇಸು. ಅದರೊಳಗಿನ ಬೀಜ ಸ್ವಭಾವತಃ ನಿರ್ಮಲ. ನರ್ಸರಿಯಿಂದ ತಂದ ಡೆಂಡ್ರೋಬಿಯಂ ಹೂವಿನ ಹಳದಿ ಪರಾಗದುಂಡೆಯನ್ನು ಕಡ್ಡಿಯ ತುದಿಯಿಂದ ತೆಗೆದು ಇನ್ನೊಂದು ಗಿಡದ ಹೂವಿನ ಶಲಾಕೆಯ ಅಂಟಿಗೆ ತಾಗಿಸಿದರೆ ಕಾಯಿ ಕಟ್ಟಬಹುದು. ಬಲಿಯಲು ಮೂರು ನಾಲ್ಕು ತಿಂಗಳು ಬೇಕು. ಕಾಯಿಯನ್ನು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಇಪ್ಪತ್ತು ನಿಮಿಷ ಅದ್ದಬೇಕು. ಬ್ಲೀಚಿಗೆ ಸ್ಪಿರಿಟ್ಟನ್ನಾಗಲಿ ಬೇರೆ ಕ್ಷಾಲಕವನ್ನಾಗಲಿ ಎಂದೂ ಬೆರೆಸಬಾರದು. ಬಿತ್ತುವಾಗ ಪಂಖವಾಡಬಾರದು, ಕಿಟಕಿ ತೆರೆದಿರಬಾರದು. ಕೈ ತೂರಿಸಲು ಎರಡು ರಂಧ್ರ ಕೊರೆದ ಪಾರದರ್ಶಕ ಪೆಟ್ಟಿಗೆಯೊಳಗೆ, ಕುಕ್ಕರಿನಲ್ಲಿ ಬೆಂದ ಚಾಕುವಿನಿಂದ ಕಾಯಿ ಸೀಳಿ, ಚಿಟಿಕೆಗಿಂತ ಕಡಿಮೆ ಬೀಜ ಉದುರಿಸಿ ಕೂಡಲೇ ಮುಚ್ಚಬೇಕು. ಮೊದಲ ಸಲ ಹತ್ತು ಸೀಸೆಗಳಲ್ಲಿ ಮೂರು ನಾಲ್ಕು ಉಳಿದರೂ ಸೋಲಲ್ಲ. ಬೂಷ್ಟು ಹಿಡಿದುದನ್ನು ತೆರೆಯದೆ, ಮುಚ್ಚಳವನ್ನು ಸಡಿಲಿಸಿ ಮತ್ತೊಮ್ಮೆ ಕುಕ್ಕರಿನಲ್ಲಿಟ್ಟು ಬಳಿಕ ಬಿಸಾಡುವುದು ಜಾಣತನ.

ನೇರ ಬಿಸಿಲು ತಾಗದ ಬೆಳಕಿನಲ್ಲಿ ಕೆಲವು ವಾರಗಳು ಕಳೆದ ಮೇಲೆ ಬೀಜಗಳು ಉಬ್ಬಿ ಸಾಸಿವೆಗಿಂತ ಕಿರಿದಾದ ಹಸಿರು ಗುಂಡುಗಳಾಗುತ್ತವೆ. ತಿಂಗಳುಗಳ ತರುವಾಯ ಎಲೆ, ಬೇರು. ಇಕ್ಕಟ್ಟಾದಾಗ ಅದೇ ಶುಚಿಯಿಂದ ಹೊಸ ಸೀಸೆಗಳಿಗೆ ಹಂಚಬೇಕು. ಒಂದು ವರ್ಷ, ಒಂದೂವರೆ ವರ್ಷ ಹೀಗೆ ಸಾಗುತ್ತದೆ.

ತಿಕೋಟಾ ಸೀಮೆಯ ಬಿಜ್ಜರಗಿಯಂಥ ಊರಿಗೆ ನಿಜವಾದ ಪರೀಕ್ಷೆ ಇಲ್ಲಿಂದಲೇ ಆರಂಭ. ಮುಚ್ಚಿದ ಸೀಸೆಯೊಳಗಿನ ತೇವಕ್ಕೆ ಮಲೆನಾಡೂ ಒಂದೇ, ಬಿಜ್ಜರಗಿಯೂ ಒಂದೇ. ಹೊರಗಿನ ಗಾಳಿ ಹಾಗಲ್ಲ. ಈ ಸೀಮೆಯಲ್ಲಿ ದ್ರಾಕ್ಷಿಯನ್ನು ಒಣದ್ರಾಕ್ಷಿಯಾಗಿಸುವ ಬಿಸಿಯೊಣ ಗಾಳಿ ಸೀಸೆಯಿಂದ ಹೊರಬಂದ ಸಸಿಯನ್ನೂ ಹಾಗೆಯೇ ಒಣಗಿಸಿಬಿಡುವುದು. ಆದುದರಿಂದ ಬೇಸಗೆಯಲ್ಲಿ ಸೀಸೆ ಒಡೆಯಬಾರದು. ಮಳೆ ಹಿಡಿದು ಗಾಳಿ ತಂಪಾಗುವ ಆಷಾಢ ಶ್ರಾವಣಗಳವರೆಗೆ ಕಾಯಬೇಕು. ಬೇರಿನ ಅಗರನ್ನು ತೊಳೆದು, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ಚೂರುಗಳಲ್ಲಿ ನೆಟ್ಟು, ಮೊದಲ ವಾರಗಳಲ್ಲಿ ಪಾರದರ್ಶಕ ಡಬ್ಬಿಯಿಂದ ಮುಚ್ಚಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆಯುತ್ತ ಹೊರಗಿನ ಗಾಳಿಗೆ ಒಗ್ಗಿಸಬೇಕು. ಮುಂದಿನ ಬೇಸಗೆಗೆ ನೆರಳುಬಲೆಯೂ ನೀರಲ್ಲಿ ನೆನೆಸಿದ ಗೋಣಿಯ ತಡಿಕೆಯೂ ಬೇಕು. ಒಣದ್ರಾಕ್ಷಿಯ ಶೆಡ್ಡುಗಳಿರುವ ಸೀಮೆಯಲ್ಲಿ ನೆರಳುಬಲೆಗೇನೂ ಬರವಿಲ್ಲ.

ಹೂವು ಕಾಣಲು ಇನ್ನೂ ಎರಡು ಮೂರು ವರ್ಷಗಳು ಹಿಡಿಯುತ್ತವೆ. ಇಷ್ಟೆಲ್ಲ ಏಕೆ, ಪೇಟೆಯಲ್ಲಿ ಗಿಡ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ, ಆದರೆ ಒಂದು ಕಾಯಿಯಿಂದ ನೂರಾರು ಸಸಿಗಳನ್ನು ಪಡೆಯುವುದು ಕಾಡಿನಿಂದ ಒಂದನ್ನು ಕೀಳುವುದಕ್ಕಿಂತ ಮೇಲು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹದ್ದಿನಲ್ಲಿಡಲು 1975ರಲ್ಲಿ ಜಾರಿಗೆ ಬಂದ ಒಪ್ಪಂದವು ಇಡೀ ಆರ್ಕಿಡ್ ಕುಟುಂಬವನ್ನು ತನ್ನ ಪಟ್ಟಿಗಳಲ್ಲಿ ಸೇರಿಸಿಕೊಂಡಿದೆ. ಆದರೂ ಹೆಚ್ಚಿನ ಜಾತಿಗಳ ಸೀಸೆಯ ಸಸಿಗಳಿಗೆ ನಿರ್ಬಂಧದಿಂದ ವಿನಾಯಿತಿ ಕೊಟ್ಟಿದೆ. ಸೀಸೆಯ ಸಸಿ ಕಾಡಿನ ಲೂಟಿಯಲ್ಲವೆಂಬುದನ್ನು ಕಾನೂನೂ ಬಲ್ಲದು. ಸೀತಾಳೆ ತನ್ನ ಮರದ ಮೇಲೆಯೇ ಅರಳಲಿ. ಆರ್ಕಿಡ್ ಬೇಕೆನ್ನುವ ಮನೆಗೆ ಒಂದು ಹಸಿರು ಕಾಯಿಯೂ ನಾಲ್ಕು ವರ್ಷಗಳ ತಾಳ್ಮೆಯೂ ಸಾಕು.